ಎರಡು ಬಲದಿಯಾಗಳ ನಡುವಿನ ಹರಿವೆ ಸಾಲು

ಮಕ್ಕಳೇ, ಕಳೆದ ಡಿಸೆಂಬರಿನಲ್ಲಿ ನೀವು ನನ್ನನ್ನು ದೋಹಾದ ಮದೀನತ್ ಖಲೀಫಾದ ಆ ಚಿಕ್ಕ ಪಾರ್ಕಿಗೆ ಕರೆದುಕೊಂಡು ಹೋಗಿದ್ದಿರಲ್ಲ, ಅಂದು ಕೆಲಸದವರು ಹೂವಿನ ಪಾತಿಗಳಿಗೆ ಆಡಿನ ಗೊಬ್ಬರ ಹಾಕಿ ನೀರು ಬಿಡುತ್ತಿದ್ದರು. ನೀವಿಬ್ಬರೂ ಮೂಗು ಹಿಡಿದುಕೊಂಡು ಜಾರುಬಂಡಿಯ ಕಡೆಗೆ ಓಡಿದಿರಿ. ನಾನು ಅಲ್ಲಿಯೇ ನಿಂತುಬಿಟ್ಟೆ. ಒದ್ದೆ ಮರಳಿನಲ್ಲಿ ಆಡಿನ ಗೊಬ್ಬರ ಕರಗುವ ವಾಸನೆ ನನಗೆ ಹೊಸದಲ್ಲ. ಚಿಕ್ಕವಳು ಹಿಂದಕ್ಕೆ ಬಂದು ನನ್ನ ಕೈ ಎಳೆದಳು. “ಸ್ಮೆಲ್ ಬರ್ತಿದೆ, ಬನ್ನಿ. ಈ ಪ್ಲೇಸ್ ನಿಮಗೆ ಗೊತ್ತಾ?” ಎಂದು ಕೇಳಿದಳು. ಗೊತ್ತು ಎಂದೆ. ಹೇಗೆ ಗೊತ್ತು ಎಂದು ಹೇಳಲಿಲ್ಲ, ಏಕೆಂದರೆ ನಿಮ್ಮ ಉಮ್ಮ, ನನ್ನ ಮಗಳು ಸಫಿಯಾ, ಪಕ್ಕದಲ್ಲಿ ನಿಂತಿದ್ದಳು.

ಬಾಯಲ್ಲಿ ಹೇಳುವುದು ನನ್ನಿಂದ ಆಗದ ಕೆಲಸ. ಆದ್ದರಿಂದ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಕಷ್ಟ, ಸಫಿಯಾಳೇ ನಿಮಗೆ ಇದನ್ನು ಓದಿ ಹೇಳಬೇಕಾಗುತ್ತದೆ. ಹಾಗಾದರೂ ಅವಳಿಗೆ ತಿಳಿಯಲಿ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ, ಬಂಟ್ವಾಳದ ಹತ್ತಿರ ನಮ್ಮ ಊರಿನ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಬ್ಯಾರಿ ಮಾತು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ತೊಂಬತ್ತರ ದಶಕದ ನಡುವಿನಲ್ಲಿ ನಿಮ್ಮ ಅಜ್ಜ ನನ್ನನ್ನೂ ಒಂಬತ್ತು ವರ್ಷದ ಸಫಿಯಾಳನ್ನೂ ದೋಹಾಕ್ಕೆ ಕರೆಸಿಕೊಂಡಾಗ ಈ ಮೂರರಲ್ಲಿ ಒಂದೂ ಬೀದಿಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಜ್ಜ ಒಂದು ವ್ಯಾಪಾರದ ಕಂಪೆನಿಯಲ್ಲಿ ಮಂದೂಬ್ ಆಗಿದ್ದರು. ಕಂಪೆನಿಯ ಕಾಗದಪತ್ರ ಹಿಡಿದುಕೊಂಡು ಸರ್ಕಾರಿ ಕಚೇರಿಯಿಂದ ಕಚೇರಿಗೆ ಓಡಾಡುವವರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಊಟಕ್ಕೆ ಬರುವರು, ಮತ್ತೆ ಸಂಜೆ ಹೋಗುವರು. ನಾನು ಬಾಗಿಲಿಗೆ ಚಿಲಕ ಹಾಕಿಕೊಂಡು ಇರುತ್ತಿದ್ದೆ. ಗಂಟೆ ಬಾರಿಸಿದರೆ ತೆರೆಯುತ್ತಿರಲಿಲ್ಲ.

ಮದೀನತ್ ಖಲೀಫಾದಲ್ಲಿ ನಮ್ಮದು ಒಂದು ದೊಡ್ಡ ವಿಲ್ಲಾದ ಕೆಳಗಿನ ಹಿಂಬದಿಯ ಎರಡು ಕೋಣೆ. ಮಹಡಿಯ ಮೇಲೆ ಮೈಸೂರಿನ ಸುಮಿತ್ರಮ್ಮ ಇದ್ದರು. ಅವರ ಯಜಮಾನರು ಕಟ್ಟಡ ಕಟ್ಟುವ ಕಂಪೆನಿಯಲ್ಲಿ ಇಂಜಿನಿಯರ್. ಮಕ್ಕಳಿರಲಿಲ್ಲ. ವಯಸ್ಸಿನಲ್ಲಿ ಸುಮಿತ್ರಮ್ಮ ನನಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೆ. ಆದರೆ ಅವರು ಕಾರು ಓಡಿಸುತ್ತಿದ್ದರು. ಇಂಗ್ಲಿಷನ್ನು ಕನ್ನಡದ ಹಾಗೆ ಆಡುತ್ತಿದ್ದರು. ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು ಬಾಲ್ಕನಿಯಲ್ಲಿ ನಿಂತು, ಬೀದಿಯಲ್ಲಿ ಹೋಗುವ ಗ್ಯಾಸಿನವನನ್ನು ಕೂಗಿ ಕರೆದು ಚೌಕಾಸಿ ಮಾಡುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮೊದಲು ಆಶ್ಚರ್ಯದಿಂದ ನೋಡುತ್ತಿದ್ದೆ ಎಂದು ಹೇಳಿದರೆ ನೀವು ನಂಬಬೇಕು.

ವಿಲ್ಲಾದ ಹಿಂದಿನ ಗೋಡೆಗೂ ಮಸೀದಿಗೂ ನಡುವೆ ಖಾಲಿ ಜಾಗವಿತ್ತು. ಯಾರ ಮನೆಯದೂ ಅಲ್ಲ, ಸರ್ಕಾರದ ಜಾಗ. ಒಡೆದ ಹೆಂಚು, ಹಳೆಯ ಟೈರು, ಬೆಕ್ಕುಗಳು. ಸೆಪ್ಟೆಂಬರಿನ ಬೇಗೆ ಇಳಿದು ಬೆಳಗಿನ ಹೊತ್ತು ಮಂಜು ಕಾಣತೊಡಗಿದ ಮೇಲೆ ಒಂದು ದಿನ ಬಟ್ಟೆ ಒಣಗಿಸಲು ಹಿಂಬಾಗಿಲಿಂದ ಹೊರಗೆ ಹೋದೆ. ಮಸೀದಿಯಲ್ಲಿ ವುಜೂ ಮಾಡುವವರ ಕೈಕಾಲು ತೊಳೆದ ನೀರು ಒಂದು ಪೈಪಿನಿಂದ ಆ ಜಾಗಕ್ಕೆ ಹರಿಯುತ್ತಿತ್ತು. ಅಲ್ಲಿ ನಾಲ್ಕು ಹುಲ್ಲಿನ ಕಡ್ಡಿ ಎದ್ದಿದ್ದವು. ಬಗ್ಗಿ ಮಣ್ಣು ಮುಟ್ಟಿದೆ, ನಾಲಗೆಗೆ ತಾಗಿಸಿ ನೋಡಿದೆ. ಉಪ್ಪು ಅಷ್ಟಿರಲಿಲ್ಲ. ದಿನಕ್ಕೆ ಐದು ಹೊತ್ತು ನೀರು ಬೀಳುವ ಜಾಗದಲ್ಲಿ ಉಪ್ಪು ಎಲ್ಲಿ ನಿಲ್ಲುತ್ತದೆ.

ಊರಿನಿಂದ ತಂದ ಹರಿವೆ ಬೀಜ ನನ್ನ ಪೆಟ್ಟಿಗೆಯಲ್ಲಿತ್ತು. ಒಂದು ಮುಷ್ಟಿ ಚೆಲ್ಲಿದೆ. ಆರನೇ ದಿನಕ್ಕೆ ಕೆಂಪು ಮೊಳಕೆ ಬಂತು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಅಜ್ಜನಿಗೆ ಹೇಳಿ ಉಪ್ಪಿಲ್ಲದ ಮಣ್ಣು ಹತ್ತು ಚೀಲ ತರಿಸಿದೆ. ಅಲ್ಲಿಯವರು ಅದನ್ನು ಸಿಹಿಮಣ್ಣು ಎನ್ನುತ್ತಾರೆ. ಆಡಿನ ಸಂತೆಯಿಂದ ಗೊಬ್ಬರ ತರಿಸಿದೆ. ಅಜ್ಜ ಕಾರಿನ ಡಿಕ್ಕಿ ತೆರೆದು ಮೂಗು ಮುಚ್ಚಿಕೊಂಡು ನಿಂತರು. “ಆಮಿನಾ, ನಾಳೆ ಬೆಳಿಗ್ಗೆ ನಮ್ಮ ಕಂಪೆನಿಯ ಅರಬಾಬ ಈ ಕಾರಿನಲ್ಲೇ ಕೂತುಕೊಳ್ಳುವುದು. ನನ್ನ ವೀಸಾ ಖಲಾಸ್ ಆದರೆ ನೀನು ಊರಲ್ಲಿ ಹರಿವೆ ಮಾರು,” ಎಂದರು. ಆದರೆ ಚೀಲ ಇಳಿಸಿ ಕೊಟ್ಟರು.

ಸುಮಿತ್ರಮ್ಮ ಬಾಲ್ಕನಿಯಿಂದ ನೋಡಿದ್ದು ಆಗ.

“ಆಮಿನಾ, ಅದೇನ್ರೀ ಹಸಿರು? ದಂಟಿನ ಸೊಪ್ಪಾ? ಇರಿ ಇರಿ, ನಾನೂ ಬಂದೆ.”

ಬಂದೇ ಬಂದರು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ ಮಣ್ಣಿಗಿಳಿದರು. ಟೊಮೆಟೊ ಹಾಕೋಣ ಎಂದರು, ಮೂಲಂಗಿ ಹಾಕೋಣ ಎಂದರು. ಕೆಲಸ ಗೊತ್ತಿರಲಿಲ್ಲ, ಉತ್ಸಾಹ ಬಹಳವಿತ್ತು. ನಾನು ಟೊಮೆಟೊ, ಮೂಲಂಗಿ, ಬೆಂಡೆ, ಅಲಸಂಡೆ ಎಲ್ಲಕ್ಕೂ ಪಾತಿ ಮಾಡಿದೆ. ದೋಹಾಕ್ಕೆ ಬಂದ ಮೇಲೆ ಅದೇ ಮೊದಲ ಸಲ ನನ್ನ ಕೈಗಳಿಗೆ ಕೆಲಸ ಗೊತ್ತಿತ್ತು. ಇನ್ನೊಬ್ಬರು ನನ್ನನ್ನು ಕೇಳಿ ಕಲಿಯುತ್ತಿದ್ದರು.

ಒಂದು ದಿನ ಬೆಳಿಗ್ಗೆ ಬಲದಿಯಾದ ಕಾರು ಬಂತು. ಬಲದಿಯಾ ಎಂದರೆ ನಮ್ಮ ಊರಿನ ನಗರಸಭೆಯ ಹಾಗೆ. ಇಳಿದವರು ಅರಬಿಯಲ್ಲಿ ಏನೋ ಕೇಳಿದರು. ನಾನು ಗುದ್ದಲಿ ಅಲ್ಲೇ ಬಿಟ್ಟು ಓಡಿಹೋಗಿ ಚಿಲಕ ಹಾಕಿದೆ. ಕಿಟಕಿಯ ಸಂದಿನಿಂದ ನೋಡಿದರೆ ಸುಮಿತ್ರಮ್ಮ ಮೆಟ್ಟಿಲಿಳಿದು ಬಂದು ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರೂ ನಗುತ್ತಿದ್ದರು, ಇವರೂ ನಗುತ್ತಿದ್ದರು. ಅದೇ ವಾರ ಸುಮಿತ್ರಮ್ಮ ಕಾರು ತೆಗೆದುಕೊಂಡು ನಗರದ ಬಲದಿಯಾಕ್ಕೆ ಹೋಗಿ ಒಂದು ಕಾಗದ ತಂದರು. ನೀಲಿ ಮೊಹರು ಒತ್ತಿತ್ತು. ಮುಂದೆ ಸರ್ಕಾರಕ್ಕೆ ಈ ಜಾಗ ಬೇಕಾಗುವವರೆಗೆ ಇಲ್ಲಿ ಗಿಡ ಬೆಳೆಸಲು ಅಭ್ಯಂತರವಿಲ್ಲ ಎಂದು ಬರೆದಿದೆ ಎಂದು ಅಜ್ಜ ಓದಿ ಹೇಳಿದರು. ಹೆಸರು ಸುಮಿತ್ರಮ್ಮನದು. ಅವರೇ ಹೋಗಿ ಕೇಳಿದವರು, ಬೇರೆ ಯಾರ ಹೆಸರು ಇರಬೇಕಿತ್ತು? ಅಂದು ನನಗೆ ಬೇಸರವಾಗಲಿಲ್ಲ. ಪಾಯಸ ಮಾಡಿ ಮೇಲಕ್ಕೆ ಕಳಿಸಿದೆ.

ಬೇಸರ ಸ್ವಲ್ಪ ಸ್ವಲ್ಪವಾಗಿ ಬಂತು.

ನವೆಂಬರ್ ಕಳೆಯುವಷ್ಟರಲ್ಲಿ ತೋಟ ತುಂಬಿ ನಿಂತಿತು. ದಿನಕ್ಕೆ ಎರಡು ಸಲ ನೀರು ಹೊತ್ತದ್ದು ನಾನು. ಗಾಳಿ ಎದ್ದು ಮರಳು ಹಾರಿದ ದಿನ ಹಳೆಯ ಬೆಡ್‌ಶೀಟು ಕಟ್ಟಿ ಸಸಿ ಕಾಪಾಡಿದ್ದು ನಾನು. ಶುಕ್ರವಾರ ಸುಮಿತ್ರಮ್ಮನ ಗೆಳತಿಯರು ಬರುತ್ತಿದ್ದರು, ಬೆಂಗಳೂರಿನವರು, ಮೈಸೂರಿನವರು, ಆಫೀಸಿನ ಕೆಲಸದಲ್ಲಿದ್ದವರ ಹೆಂಡತಿಯರು. ಸುಮಿತ್ರಮ್ಮ ಅವರನ್ನು ಪಾತಿಯಿಂದ ಪಾತಿಗೆ ಕರೆದುಕೊಂಡು ಹೋಗಿ ತೋರಿಸುವರು. “ಇದು ನಮ್ಮ ಮೂಲಂಗಿ. ಇದು ಊರಿನ ದಂಟು. ನೋಡಿ, ಮರಳುಗಾಡಲ್ಲಿ ಬೆಳೆದಿದೀವಿ.” ಆಮೇಲೆ ನನ್ನ ಕಡೆ ಕೈ ತೋರಿಸಿ, “ನಮ್ಮ ಆಮಿನಾ ತುಂಬ ಹೆಲ್ಪ್ ಮಾಡ್ತಾರೆ,” ಎನ್ನುವರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗೆಳತಿಯರಲ್ಲೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ತಿಂಗಳಿಗೆ ಎಷ್ಟು ಕೊಡ್ತೀರಾ?” ಎಂದು ಸುಮಿತ್ರಮ್ಮನನ್ನೇ ಕೇಳಿದಳು. ಸುಮಿತ್ರಮ್ಮ ಅವಳಿಗೆ ಬೈದರು. ಬೈದದ್ದು ಇಂಗ್ಲಿಷಿನಲ್ಲಾದ್ದರಿಂದ ಏನೆಂದು ಬೈದರೋ ನನಗೆ ತಿಳಿಯಲಿಲ್ಲ.

ಒಂದು ದಿನ ನೋಡುತ್ತೇನೆ, ಮೂಲಂಗಿ ಸಾಲು ಪೂರ್ತಿ ಬಾಡಿ ಮಲಗಿದೆ. ಮೇಲೆ ಹೋಗಿ ಕೇಳಿದೆ.

“ಬೆಳ್ದಿದ್ಯಾ ಅಂತ ಒಂದೊಂದೇ ಕಿತ್ತು ನೋಡ್ದೆ ಕಣ್ರೀ. ವಾಪಸ್ ಅಲ್ಲೇ ನೆಟ್ಟಿದೀನಲ್ಲ.”

“ಕಿತ್ತ ಮೂಲಂಗಿ ಮತ್ತೆ ಹಿಡಿಯುವುದಿಲ್ಲ ಸುಮಿತ್ರಮ್ಮ.”

“ಹೌದಾ? ಟೊಮೆಟೊ ಹಿಡೀತಲ್ಲ? ಅಯ್ಯೋ, ಹೋಗ್ಲಿ ಬಿಡಿ, ಸಾಂಬಾರ್ ಮಾಡೋಣ.”

ಅವರು ನಕ್ಕರು, ನಾನೂ ನಕ್ಕೆ. ಕೆಳಗೆ ಬಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದೆ. ಸಂಜೆ ಅಜ್ಜನಿಗೆ ಹೇಳಿದರೆ ಅವರು, “ಹಾಗೆಲ್ಲ ಮಾಡ್ಬೇಡ ಮಾರಾಯ್ತಿ. ಆ ಅಮ್ಮ ಇಲ್ಲದಿದ್ರೆ ನಿನ್ನ ತೋಟಕ್ಕೆ ಬಲದಿಯಾದವರು ಅವತ್ತೇ ಬುಲ್ಡೋಜರ್ ಹಾಕ್ತಿದ್ರು. ಎಂತಾ ಧೈರ್ಯ ಆ ಹೆಂಗಸಿಗೆ,” ಎಂದರು. ಎಂತಾ ಧೈರ್ಯ ಎಂದಾಗ ಅವರ ದನಿಯಲ್ಲಿ ಮೆಚ್ಚುಗೆ ಇತ್ತು. ಆ ಮೆಚ್ಚುಗೆಯನ್ನು ನಾನು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಇಟ್ಟುಕೊಂಡೆ.

ಆದರೆ ನಿಜವಾದ ಮುಳ್ಳು ಸಫಿಯಾ. ಶಾಲೆಯಿಂದ ಬಂದವಳು ಚೀಲ ಕೆಳಗೆ ಎಸೆದು ಹೋಮ್‌ವರ್ಕ್ ಎಂದು ಮೇಲಕ್ಕೆ ಹೋಗುತ್ತಿದ್ದಳು. ನನಗೆ ಇಂಗ್ಲಿಷ್ ಬಾರದು, ಹೋಗಬೇಡ ಎನ್ನುವುದು ಹೇಗೆ? ಊಟದ ಹೊತ್ತಿಗೆ ಇಳಿದು ಬಂದು, ಸುಮಿತ್ರಾ ಆಂಟಿ ಹಾಗೆ ಹೇಳಿದರು, ಹೀಗೆ ಹೇಳಿದರು ಎನ್ನುವಳು. ಕೂದಲಿಗೆ ಎರಡು ಜಡೆ ಬೇಡ, ಒಂದೇ ಸಾಕು, ಆಂಟಿ ಹೇಳಿದ್ದಾರೆ ಎನ್ನುವಳು. ಸಾರಿನ ತಟ್ಟೆ ದೂಡಿ, ಆಂಟಿ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ ಎಂದಳು. ನಾನು ಆ ತಟ್ಟೆ ಎತ್ತಿಕೊಂಡು ಹೋಗಿ ನಾನೇ ಉಂಡೆ.

ಡಿಸೆಂಬರಿನಲ್ಲಿ ಒಂದು ಮಳೆ ಬಂತು. ಆ ಊರಿನಲ್ಲಿ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು. ಬೀದಿಯೆಲ್ಲ ಕೆರೆಯಾಗಿ ಶಾಲೆಗೆ ರಜೆ ಕೊಟ್ಟರು. ಸಫಿಯಾಳ ಪುಸ್ತಕದ ಚೀಲ ಒದ್ದೆಯಾಗಿತ್ತು. ನಾನು ಪುಸ್ತಕಗಳನ್ನು ತೆಗೆದು ಒಲೆಯ ಪಕ್ಕದಲ್ಲಿ ಬಿಡಿಸಿಟ್ಟೆ. ಒಂದು ಪುಟದಲ್ಲಿ ತೋಟದ ಚಿತ್ರ, ಕೆಂಪು ಹರಿವೆ, ಬಿಳಿ ಮಸೀದಿ. ಕೆಳಗೆ ಪ್ರಬಂಧ. ಟೀಚರ್ ಎರಡು ನಕ್ಷತ್ರ ಹಾಕಿದ್ದರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ನನಗೆ ಅಷ್ಟಿಷ್ಟು ಬರುತ್ತಿತ್ತು. ಮೇಲಿನ ಸಾಲನ್ನು ಬೆರಳಿಟ್ಟು ಓದಿದೆ. ಸುಮಿತ್ರಾ ಆಂಟಿಯ ತೋಟ ಎಂದಿತ್ತು. ಪುಟದ ಕೆಳಗಿನವರೆಗೆ ಹುಡುಕಿದೆ. ಕೊನೆಯಿಂದ ಎರಡನೇ ಸಾಲಿನಲ್ಲಿ ನಾನು ಸಿಕ್ಕಿದೆ. ನನ್ನ ತಾಯಿ ಅವರಿಗೆ ಸಹಾಯ ಮಾಡುತ್ತಾಳೆ.

ಸಫಿಯಾ, ನೀನು ಇದನ್ನು ಓದುವಾಗ ನಿಲ್ಲಿಸಬೇಡ. ಒಂಬತ್ತು ವರ್ಷದ ಮಗು ಕೇಳಿದ್ದನ್ನು ಬರೆದಿದೆ. ನಾನು ಆ ಪುಟ ಒಣಗಿಸಿ, ಇಸ್ತ್ರಿ ಹಾಕಿ, ಚೀಲದಲ್ಲಿಟ್ಟೆ. ಅಂದಿನಿಂದ ನನ್ನ ತಲೆಯಲ್ಲಿ ಬೇರೆ ಯೋಚನೆ ಇರಲಿಲ್ಲ. ತೋಟದ ಒಂದು ತುಂಡಾದರೂ ನನ್ನ ಹೆಸರಿನಲ್ಲಿರಬೇಕು. ಮೊಹರು ಒತ್ತಿದ ಕಾಗದದಲ್ಲಿರಬೇಕು. ಅದನ್ನು ಮಗಳಿಗೆ ತೋರಿಸಬೇಕು.

ದಾರಿಯನ್ನು ಅಜ್ಜನೇ ತಿಳಿಯದೆ ತೋರಿಸಿದರು. ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ಹಿಂಬಾಗಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ನಾನು ಸುಮ್ಮನೆ ಕೇಳಿದೆ, ಆ ಕಡೆಯ ದೀಪದ ಕಂಬಗಳೇಕೆ ಬೇರೆ ಬಣ್ಣ ಎಂದು.

“ಅದು ಬೇರೆ ಬಲದಿಯಾ,” ಎಂದರು. “ಈ ಹಸಿರು ಕಂಬದವರೆಗೆ ನಗರದ್ದು. ಆ ಬಿಳಿ ಕಂಬದಿಂದ ಆಚೆ ಹೊರವಲಯದವರದ್ದು. ನೋಡು, ಕಸದ ಲಾರಿ ಸಹ ಹಸಿರು ಕಂಬದವರೆಗೆ ಬಂದು ತಿರುಗುತ್ತದೆ. ಆಚೆಯ ಡ್ರಮ್ಮಿಗೆ ಬೇರೆ ಲಾರಿ ಬರ್ತದೆ.”

“ಹಾಗಾದ್ರೆ ನಮ್ಮ ತೋಟ?”

ಅವರು ಒಂದು ಕಣ್ಣು ಮುಚ್ಚಿ ಎರಡು ಕಂಬಗಳ ನಡುವೆ ಗೆರೆ ಎಳೆದಂತೆ ನೋಡಿದರು. “ನಿನ್ನ ಹರಿವೆ ಸಾಲು ಉಂಟಲ್ಲ, ಅದರ ಮೇಲೆಯೇ ಹೋಗ್ತದೆ. ಅರ್ಧ ತೋಟ ಅವರದ್ದು, ಅರ್ಧ ಇವರದ್ದು. ಸುಮಿತ್ರಮ್ಮನ ಕಾಗದ ಇವರು ಕೊಟ್ಟದ್ದು.”

ನಾನು ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಹೇಳಿದೆ, ಆಚೆಯ ಅರ್ಧಕ್ಕೆ ಆಚೆಯ ಬಲದಿಯಾದಿಂದ ಒಂದು ಕಾಗದ ಮಾಡಿಸಿ, ನನ್ನ ಹೆಸರಿನಲ್ಲಿ. ಬಲದಿಯಾದ ಎದುರು ಅರಬಿಯಲ್ಲಿ ಅರ್ಜಿ ಹೊಡೆದು ಕೊಡುವ ಟೈಪಿಂಗ್ ಅಂಗಡಿಯವರೆಲ್ಲ ಅಜ್ಜನಿಗೆ ಪರಿಚಯ. ಅವರಿಗೆ ಅದು ಕಷ್ಟದ ಕೆಲಸವಲ್ಲ.

“ಕಾಗದ ಯಾಕೆ ಈಗ? ಯಾರೂ ಕೇಳಿಲ್ಲವಲ್ಲ.”

“ಕೇಳಿದರೆ? ಅಷ್ಟು ಕಷ್ಟಪಟ್ಟದ್ದು ಹೋಗುವುದಿಲ್ಲವಾ?”

“ಸುಮಿತ್ರಮ್ಮನಿಗೆ ಗೊತ್ತಾ?”

“ಗೊತ್ತು,” ಎಂದೆ.

ನಾನು ಜೀವಮಾನದಲ್ಲಿ ನಿಮ್ಮ ಅಜ್ಜನಿಗೆ ಹೇಳಿದ ಸುಳ್ಳುಗಳನ್ನು ಎಣಿಸಲು ಒಂದು ಕೈ ಸಾಕು. ಇದು ಅವುಗಳಲ್ಲಿ ದೊಡ್ಡದು. ಅವರು ಮತ್ತೆ ಕೇಳಲಿಲ್ಲ. ನನ್ನಂಥ ನಾಚಿಕೆಯ ಹೆಂಗಸು ಸುಳ್ಳು ಹೇಳುತ್ತಾಳೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಅರ್ಜಿ ಹೋಯಿತು.

ಆಮೇಲಿನ ಮೂರು ವಾರ ನಾನು ಬಹಳ ಸಂತೋಷದಲ್ಲಿದ್ದೆ. ಸುಮಿತ್ರಮ್ಮ ಗೆಳತಿಯರನ್ನು ಕರೆತಂದರೆ ನಾನು ಓಡಿ ಒಳಗೆ ಹೋಗುತ್ತಿರಲಿಲ್ಲ. ತೋರಿಸಲಿ, ಆಚೆಯ ಅರ್ಧ ಇನ್ನೇನು ನನ್ನದಾಗುತ್ತದೆ ಎಂದು ನಿಂತು ನೋಡುತ್ತಿದ್ದೆ. ಹರಿವೆ ಸಾಲಿನಿಂದ ಆಚೆಗೆ ಹೆಚ್ಚು ಗೊಬ್ಬರ ಹಾಕತೊಡಗಿದೆ. ಈಚೆಯ ಟೊಮೆಟೊಕ್ಕೆ ನೀರು ಕಡಿಮೆ ಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಗಿಡಗಳನ್ನು ನೆಟ್ಟದ್ದೂ ನಾನೇ. ಆದರೂ ಅವು ಬಾಡಲಿ ಎಂದು ಬಯಸಿದೆ.

ಜನವರಿಯ ಒಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು, ಮಸೀದಿಯ ಗೋಪುರ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ಇಬ್ಬರು ಮೂರು ಕಾಲಿನ ಯಂತ್ರ ಹೊತ್ತುಕೊಂಡು ಬಂದು ನನ್ನ ಬೆಂಡೆ ಪಾತಿಯ ಮಧ್ಯೆ ನಿಲ್ಲಿಸಿದರು. ಹೊರವಲಯದ ಬಲದಿಯಾದ ಸರ್ವೆಯವರು. ಮರುದಿನ ನಗರದ ಬಲದಿಯಾದ ಸರ್ವೆಯವರು ಬಂದು ಅದೇ ಜಾಗವನ್ನು ಈ ಕಡೆಯಿಂದ ಅಳೆದರು. ನಮ್ಮ ಜಾಗಕ್ಕೆ ನೀವು ಹೇಗೆ ಅನುಮತಿ ಕೊಟ್ಟಿರಿ ಎಂದು ಅವರು ಇವರಿಗೆ ಬರೆದಿದ್ದರಂತೆ. ನಮ್ಮ ಅನುಮತಿ ಇರುವ ಜಾಗಕ್ಕೆ ನೀವು ಹೇಗೆ ಅರ್ಜಿ ತೆಗೆದುಕೊಂಡಿರಿ ಎಂದು ಇವರು ಅವರಿಗೆ ಬರೆದಿದ್ದರಂತೆ. ಇದೆಲ್ಲ ಆಮೇಲೆ ತಿಳಿದದ್ದು.

ಮುಂದಿನ ವಾರ ಎರಡೂ ಕಡೆಯವರು ಒಟ್ಟಿಗೆ ಬಂದರು. ಮಸೀದಿಯ ಗೋಡೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ನಗರದ ಕಡೆಯಿಂದ ಒಬ್ಬ ಹಿರಿಯ ಕತಾರಿ, ಹೊರವಲಯದ ಕಡೆಯಿಂದ ಒಬ್ಬ ಕತಾರಿ, ಮತ್ತೆ ನಕ್ಷೆಗಳ ಉದ್ದನೆಯ ಕೊಳವೆ ಹಿಡಿದ ಸುಡಾನಿನ ಇಂಜಿನಿಯರ್ ಒಬ್ಬರು. ಅರ್ಜಿ ಕೊಟ್ಟವರು ಎಂದು ಅಜ್ಜನನ್ನು ಕರೆಸಿದ್ದರು. ಕಾಗದ ಇರುವವರು ಎಂದು ಸುಮಿತ್ರಮ್ಮನನ್ನೂ ಕರೆದರು. ನಾನು ಹಿಂಬಾಗಿಲಲ್ಲಿ ನಿಂತಿದ್ದೆ. ಚಹಾ ಮಾಡಿ ಕೊಟ್ಟೆ. ಹಿರಿಯ ಕತಾರಿ ನಾನು ಮತ್ತೆ ಬಿತ್ತಿದ್ದ ಸಾಲಿನಿಂದ ಒಂದು ಮೂಲಂಗಿ ಕಿತ್ತು, ಒರೆಸಿ, ಕಚ್ಚಿ ತಿಂದು ಇನ್ನೊಬ್ಬರಿಗೆ ಕೊಟ್ಟರು. ಅವರೂ ತಿಂದರು. ಜಗಳವಾಡಲು ಬಂದವರು ಒಂದೇ ಮೂಲಂಗಿ ತಿಂದದ್ದು ನೋಡಿ ಸ್ವಲ್ಪ ಧೈರ್ಯ ಬಂತು.

ಸುಡಾನಿನವರು ನಕ್ಷೆ ಬಿಡಿಸಿ ವಿವರಿಸಿದರು. ಅಜ್ಜ ನಮಗೆ ಕನ್ನಡದಲ್ಲಿ ಹೇಳಿದರು. ಈ ಜಾಗವನ್ನು ಬಹಳ ಹಿಂದೆಯೇ ಮಕ್ಕಳ ಪಾರ್ಕಿಗೆ ಎಂದು ಗುರುತು ಮಾಡಿದ್ದಾರೆ. ಗಡಿ ಮಧ್ಯೆ ಹೋಗುವುದರಿಂದ ಎರಡೂ ಬಲದಿಯಾಗಳಿಗೆ ಇದರ ಮೇಲೆ ಅಧಿಕಾರ. ಇಬ್ಬರೂ ಒಪ್ಪಿ ಸಹಿ ಹಾಕದೆ ಒಂದು ಕಲ್ಲು ಇಡುವ ಹಾಗೂ ಇಲ್ಲ, ಒಂದು ಗಿಡಕ್ಕೆ ಅನುಮತಿ ಕೊಡುವ ಹಾಗೂ ಇಲ್ಲ. ಅವರು ಶುರುಮಾಡಲಿ ಎಂದು ಇವರು, ಇವರು ಬರೆಯಲಿ ಎಂದು ಅವರು, ಹಾಗೆ ನಿಂತುಹೋಗಿತ್ತು.

“ನಿಮ್ಮ ಎರಡು ಕಾಗದ ನಮ್ಮನ್ನು ಒಂದೇ ಕಡೆ ಕೂರಿಸಿತು ಅಂತ ಹೇಳ್ತಿದ್ದಾರೆ,” ಎಂದು ಅಜ್ಜ ಹೇಳಿದರು. “ಶುಕ್ರನ್, ಉಪಕಾರ ಆಯ್ತು ಅಂತೆ. ಇವತ್ತೇ ಸಹಿ ಹಾಕ್ತಾರೆ. ನಮಗೆ ಒಂದು ವಾರ ಟೈಮು. ಅಷ್ಟರಲ್ಲಿ ಇರುವುದನ್ನು ಕೊಯ್ದುಕೊಳ್ಳಬೇಕು.”

“ಎರಡು ಕಾಗದ ಯಾವ್ದು?” ಎಂದು ಸುಮಿತ್ರಮ್ಮ ಕೇಳಿದರು. “ನಂದು ಒಂದೇ ಅಲ್ವಾ?”

ಅಜ್ಜ ನನ್ನ ಕಡೆ ತಿರುಗಿದರು. ಅವರ ಮುಖ ನನಗೆ ಇನ್ನೂ ಕಾಣುತ್ತದೆ. “ಅವರಿಗೆ ಗೊತ್ತು ಅಂದಿದ್ದಿಯಲ್ಲ?” ಎಂದು ಬ್ಯಾರಿಯಲ್ಲಿ, ಬಹಳ ಮೆಲ್ಲಗೆ ಕೇಳಿದರು. ಸುಮಿತ್ರಮ್ಮನಿಗೆ ಬ್ಯಾರಿ ಬಾರದು. ಆದರೆ ಹೊರವಲಯದ ಅಧಿಕಾರಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ ಕಡತದಲ್ಲಿ ಎರಡನೆಯ ಕಾಗದ ಮೇಲೆಯೇ ಇತ್ತು. ಅದಕ್ಕೆ ನನ್ನ ಪಾಸ್‌ಪೋರ್ಟಿನ ಪ್ರತಿ ಲಗತ್ತಿಸಿತ್ತು. ಫೋಟೋದಲ್ಲಿ ನಾನು ಹೆದರಿಕೊಂಡು ನೇರವಾಗಿ ನೋಡುತ್ತಿದ್ದೆ. ಸುಮಿತ್ರಮ್ಮ ಫೋಟೋ ನೋಡಿದರು, ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿದರು.

ಆಗ ಸುಡಾನಿನವರು ಪಾತಿಗಳ ಕಡೆ ಕೈ ಬೀಸಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇಷ್ಟು ಚೆನ್ನಾಗಿ ಯಾರು ಬೆಳೆಸಿದ್ದು ಎಂದು ಕೇಳಿದ್ದು, ಅಜ್ಜ ಆಮೇಲೆ ಹೇಳಿದರು. ಸುಮಿತ್ರಮ್ಮ ಒಂದು ಕ್ಷಣವೂ ನಿಲ್ಲಲಿಲ್ಲ. ನನ್ನ ಕಡೆ ತೋರಿಸಿದರು. ಪೂರ್ತಿ ಅವರೇ, ನನಗೆ ಮೂಲಂಗಿ ಯಾವಾಗ ಕೀಳಬೇಕು ಅನ್ನುವುದೂ ಗೊತ್ತಿಲ್ಲ ಎಂದರಂತೆ. ಮೂವರೂ ಎದ್ದು ನನ್ನ ಕಡೆ ನೋಡಿ ಎದೆಯ ಮೇಲೆ ಕೈ ಇಟ್ಟರು. ನಾನು ಬಯಸಿದ್ದು ಅದೇ. ಆದರೆ ಸುಮಿತ್ರಮ್ಮನ ಬಾಯಿಂದ, ಅವರು ಕೊಟ್ಟದ್ದರಿಂದ ಬಂತು. ನನಗೆ ಅದು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿತ್ತು.

ಅವರೆಲ್ಲ ಹೋದ ಮೇಲೆ ಸುಮಿತ್ರಮ್ಮ ಹಿಂಬಾಗಿಲಿಗೆ ಬಂದರು. ನಾನು ಖಾಲಿ ಚಹಾ ಲೋಟ ಎತ್ತುತ್ತಿದ್ದೆ.

“ಯಾಕ್ರೀ ಹಿಂಗ್ ಮಾಡಿದ್ರಿ?”

ನಾನು ಲೋಟಗಳನ್ನು ಒಂದರೊಳಗೊಂದು ಜೋಡಿಸಿದೆ.

“ನನ್ ಕೇಳಿದ್ರೆ ಆ ಕಾಗ್ದಾನೇ ನಿಮ್ ಹೆಸ್ರಿಗೆ ಬರೆಸಿ ಕೊಡ್ತಿದ್ನಲ್ಲ. ಅದೇನ್ ದೊಡ್ಡದು?”

ಕೊನೆಯ ಲೋಟವನ್ನೂ ಎತ್ತಿಕೊಂಡೆ. ನಾನು ಅವನ್ನು ಕೆಳಗಿಡಲೂ ಇಲ್ಲ.

“ನಂಗೆ ತುಂಬ ಕೋಪ ಬಂದಿದೆ ಆಮಿನಾ. ಮೂರು ದಿನ ನಿಮ್ ಜೊತೆ ಮಾತಾಡಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕಾಫಿಗೆ ಮೇಲೆ ಬನ್ನಿ. ಕೂತು ಸರಿಯಾಗಿ ಜಗಳ ಆಡೋಣ.”

ಹಾಗೆಂದು ಮೆಟ್ಟಿಲು ಹತ್ತಿ ಹೋದರು.

ಮೂರು ದಿನ ನಿಜವಾಗಿಯೂ ಮಾತಾಡಲಿಲ್ಲ. ಎದುರು ಸಿಕ್ಕಿದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಆದರೆ ಸಫಿಯಾಳನ್ನು ಎಂದಿನಂತೆ ಮೇಲೆ ಕರೆದು ಪಾಠ ಹೇಳಿಕೊಟ್ಟರು. ನಾನು ಒಬ್ಬಳೇ ಬೆಂಡೆ ಕೊಯ್ದೆ, ಅಲಸಂಡೆ ಬಿಡಿಸಿದೆ, ಹರಿವೆಯನ್ನು ಬೇರು ಸಮೇತ ಕಿತ್ತು ಕಟ್ಟು ಕಟ್ಟಿದೆ. ಮಸೀದಿಯ ಇಮಾಮರ ಮನೆಗೆ, ಎದುರಿನ ಮಲಯಾಳಿಗಳ ಮನೆಗೆ, ಅಜ್ಜನ ಕಂಪೆನಿಯ ಕ್ಯಾಂಪಿಗೆ ಹಂಚಿದೆ. ಮೇಲಿನ ಮನೆಗೆ ಒಂದು ಬುಟ್ಟಿ ತುಂಬಿಟ್ಟು ಸಫಿಯಾಳ ಕೈಯಲ್ಲಿ ಕಳಿಸಿದೆ. ಬುಟ್ಟಿ ಖಾಲಿಯಾಗಿ ವಾಪಸ್ಸು ಬಂತು.

ನಾಲ್ಕನೇ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟೆ. ಮೇಲೆ ಬಾಗಿಲು ತೆರೆದಿಟ್ಟಿದ್ದರು, ಕಾಫಿಯ ಪರಿಮಳ ಮೆಟ್ಟಿಲಿನವರೆಗೆ ಇಳಿದಿತ್ತು. ಎರಡು ಮೆಟ್ಟಿಲು ಹತ್ತಿದೆ. ಮೇಲಿಂದ ಅವರು ಯಾವುದೋ ಹಾಡು ಗುನುಗುತ್ತಿದ್ದುದು ಕೇಳಿಸಿತು. ಅಷ್ಟು ಕೋಪವಿತ್ತಲ್ಲ, ಅದು ಎಲ್ಲಿ ಹೋಯಿತು? ಹೇಳಿದ ದಿನಕ್ಕೆ ಬಂದು ಹೇಳಿದ ದಿನಕ್ಕೆ ಮುಗಿಯಿತೇ? ನಾನು ಮಾಡಿದ್ದಕ್ಕೆ ಅವರು ವರ್ಷಗಟ್ಟಲೆ ಕೊರಗಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೋ ಏನೋ. ಹಾಡಿಕೊಂಡು ಕಾಫಿ ಸೋಸುವವರ ಮುಂದೆ ಹೇಗೆ ಹೋಗಿ ನಿಲ್ಲುವುದು? ಕಾರು, ಇಂಗ್ಲಿಷು, ಧೈರ್ಯ, ನನ್ನ ಮಗಳು, ಎಲ್ಲದರ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಆ ಬೆಳಿಗ್ಗೆ ಇನ್ನೊಂದು ಸೇರಿತು. ಮನಸ್ಸಿನಿಂದ ಒಂದು ಸಿಟ್ಟನ್ನು ಹಾಗೆ ಎತ್ತಿ ಹೊರಗಿಡುವ ಶಕ್ತಿ ಅವರಿಗಿತ್ತು, ನನಗಿರಲಿಲ್ಲ. ಇಳಿದು ಬಂದು ಚಿಲಕ ಹಾಕಿದೆ.

ಅವರು ಕರೆಯಲು ಬರಲಿಲ್ಲ. ಕರೆದಾಗಿತ್ತು, ಮತ್ತೆ ಕರೆಯುವ ಹೆಂಗಸಲ್ಲ.

ಫೆಬ್ರವರಿಯಲ್ಲಿ ಬುಲ್ಡೋಜರ್ ಬಂತು. ಒಂದು ಗಂಟೆಯ ಕೆಲಸ. ಎರಡೂ ಬಲದಿಯಾದವರು ಸೇರಿ ಸುತ್ತ ಬೇಲಿ ಹಾಕಿದರು. ಹಸಿರು ಕಂಬಗಳನ್ನೂ ಬಿಳಿ ಕಂಬಗಳನ್ನೂ ತೆಗೆದು ಒಂದೇ ತರಹದ ಹೊಸ ಕಂಬ ನೆಟ್ಟರು. ಮೇ ತಿಂಗಳಲ್ಲಿ, ಬೇಗೆ ಶುರುವಾಗಿ ಏಸಿಗಳು ಹಗಲಿಡೀ ಗುರುಗುಟ್ಟುತ್ತಿದ್ದಾಗ, ಸುಮಿತ್ರಮ್ಮನ ಯಜಮಾನರ ಕಾಂಟ್ರಾಕ್ಟ್ ಮುಗಿಯಿತು ಎಂದು ತಿಳಿಯಿತು. ಅವರು ಮೈಸೂರಿಗೆ ಹೊರಟರು.

ಹೊರಡುವ ದಿನ ಮಧ್ಯಾಹ್ನ ಸೂಟ್‌ಕೇಸುಗಳೆಲ್ಲ ಕಾರಿಗೆ ಏರಿದವು. ಅಜ್ಜ ಊಟಕ್ಕೆ ಬಂದಿದ್ದರು, ಹೋಗಿ ಹಗ್ಗ ಕಟ್ಟಿಕೊಟ್ಟರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ.

“ಆಮಿನಾ ಎಲ್ಲಿ?” ಎಂದು ಸುಮಿತ್ರಮ್ಮ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

“ತಲೆನೋವು, ಮಲಗಿದ್ದಾಳೆ,” ಎಂದರು ಅಜ್ಜ. ಹಾಗೆ ಹೇಳಿ ಎಂದು ನಾನೇ ಬೇಡಿಕೊಂಡಿದ್ದೆ. ಈ ಸಲ ಅವರು ಸುಳ್ಳೆಂದು ತಿಳಿದೇ ಹೇಳಿದರು.

“ಬಿಸಿಲಲ್ಲಿ ನಿಲ್ಬೇಡಿ ಅಂತ ಹೇಳಿ ಅವರಿಗೆ,” ಎಂದರು ಸುಮಿತ್ರಮ್ಮ. ನಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು, ಕಾರಿನ ಬಾಗಿಲು ಹಿಡಿದು ಇನ್ನೊಮ್ಮೆ ನೋಡಿದರು. ಬಾಗಿಲಿಂದ ಕಾರಿಗೆ ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆ ನಡೆದು ತಪ್ಪಾಯಿತು ಎಂದು ಒಂದು ಮಾತು ಹೇಳಬೇಕಿತ್ತು. ಅದಕ್ಕೆ ಇಂಗ್ಲಿಷೂ ಬೇಡ, ಅರಬಿಯೂ ಬೇಡ, ನನ್ನ ಏಳನೇ ಕ್ಲಾಸಿನ ಕನ್ನಡವೇ ಸಾಕಿತ್ತು. ಕಿಟಕಿಯ ಪಕ್ಕದ ಬಾಗಿಲಿಗೆ ಬಂದು ಚಿಲಕದ ಮೇಲೆ ಕೈಯನ್ನೂ ಇಟ್ಟಿದ್ದೆ.

ಅಷ್ಟರಲ್ಲಿ ಸಫಿಯಾ ಓಡಿಹೋಗಿ ಅವರ ಸೊಂಟ ತಬ್ಬಿಕೊಂಡು ಅಳತೊಡಗಿದಳು. ಬಿಕ್ಕಿಬಿಕ್ಕಿ, ಉಸಿರು ಕಟ್ಟುವ ಹಾಗೆ ಅತ್ತಳು. ಊರಿನಿಂದ ಬಂದ ಹೊಸತರಲ್ಲಿ ನನಗೆ ಟೈಫಾಯ್ಡ್ ಆಗಿ ಆಸ್ಪತ್ರೆಗೆ ಹೋಗುವಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಸುಮಿತ್ರಮ್ಮ ಬಗ್ಗಿ ಅವಳ ಜಡೆ ಸರಿಮಾಡುತ್ತಿದ್ದರು. ನಾನು ಚಿಲಕದಿಂದ ಕೈ ತೆಗೆದು ಕಿಟಕಿಗೆ ಹಿಂದಿರುಗಿದೆ. ಕಾರು ತಿರುವು ದಾಟುವವರೆಗೂ, ಅವಳು ಎಷ್ಟು ಹೊತ್ತು ಅಳುತ್ತಾಳೆ ಎಂದು ನೋಡುತ್ತ ನಿಂತಿದ್ದೆ.